ಬಿಳಿ ರುಮಾಲಿನಲ್ಲಿ ಹೋದ ಹುಕುಂ

ಕಾಯಿರಿ, ಕಾಯಿರಿ. ಸರ್ಕಾರದ ಒಂದು ದೊಡ್ಡ ಕಾಗದ ಸೀತಾಫಲವಾಗಿ ಸಾಹೇಬರ ಮನೆಗೆ ಹೋದದ್ದನ್ನು ಹೇಳುವವನಿದ್ದೇನೆ. ಸುಳ್ಳಲ್ಲ. ಆದರೆ ಅಲ್ಲಿಗೆ ಬರುವ ಮೊದಲು ದಫ್ತರಖಾನೆ ಎಂದರೇನು ಎಂದು ಹೇಳಲೇಬೇಕು. ಇಲ್ಲವಾದರೆ ಈಗ ಕಂದಾಯ ಖಾತೆಗೆ ಸೇರುತ್ತಿರುವ ಹುಡುಗರಿಗೆ ಇದು ಬರೀ ನಗೆಯ ಮಾತಾಗಿ ಹೋದೀತು. ನನಗಂತೂ ಇವತ್ತಿಗೂ ನಗು ಬಂದಿಲ್ಲ.

ಗೋಕಾಕ, ಹುಕ್ಕೇರಿ, ಮೂಡಲಗಿ, ಇದೇ ಸೀಮೆಯಲ್ಲಿ ನನ್ನ ನೌಕರಿ ಸವೆಯಿತು. ಬಡ್ತಿ ಯಾವಾಗ ಬಂತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಈ ಸಂಗತಿ ನಡೆದ ಕಚೇರಿ ಯಾವುದೆಂದು ಹೆಸರಿಸುವುದಿಲ್ಲ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಸಂತೆಯಲ್ಲಿ ಎದುರಾಗುತ್ತಾರೆ.

ನಾನು ಸೇರಿದ್ದು ಉಮೇದವಾರನಾಗಿ. ಉಮೇದವಾರ ಎಂದರೆ ಪಗಾರವಿಲ್ಲದೆ ಕೆಲಸ ಕಲಿಯುವವ. ಎಲ್ಲರೂ ಅವನನ್ನು ಕೂಗಿ ಕರೆಯುತ್ತಾರೆ, ಅವನ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು. ನನ್ನನ್ನು ದಫ್ತರಖಾನೆಗೆ ಹಾಕಿದರು. ಕಚೇರಿಯ ಹಿಂಭಾಗದ ಉದ್ದನೆಯ ಕೋಣೆ ಅದು. ಸೂರಿನ ತನಕ ಹಲಗೆಗಳು, ಹಲಗೆಗಳ ಮೇಲೆ ಕಾಗದದ ಕಟ್ಟುಗಳು, ಹುಳ ಬಾರದಿರಲೆಂದು ಅವುಗಳ ನಡುವೆ ಬೇವಿನ ಎಲೆ ಮತ್ತು ಬಜೆಯ ಬೇರು. ಉಳಿದವರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಹಬ್ಬಕ್ಕೆ ಕರೆದಂತೆ ಆಗಿತ್ತು.

ಹಳೆಯ ಕಾಗದಗಳೆಲ್ಲ ಮೋಡಿ ಲಿಪಿಯ ಮರಾಠಿಯಲ್ಲಿದ್ದವು. ಬರೆಯುವವನು ಕೈ ಎತ್ತದೆ ಗೀಚಿಕೊಂಡು ಹೋಗುವ ಲಿಪಿ. ನನಗೆ ಯಾರೂ ಕಲಿಸಲಿಲ್ಲ. ಹಳೆಯ ಕಾಗದದ ಬಾಜೂ ಅದರ ಹೊಸ ನಕಲು ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತ ನಾನೇ ಕಲಿತೆ. ಅರ್ಧ ಬಂದ ಕೂಡಲೇ ಪೂರ್ತಿ ಬಂದಿತೆಂದು ಎಲ್ಲರ ಮುಂದೆ ಓದತೊಡಗಿದೆ. ಒಮ್ಮೆ ಒಂದು ಹೊಲದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಓದುವಾಗ ಒಬ್ಬ ರೈತನ ಬಾವಿಯನ್ನು ಪಕ್ಕದ ರೈತನ ಹೊಲಕ್ಕೆ ದಾಟಿಸಿಬಿಟ್ಟೆ. ನಮ್ಮ ಅವಲ್ ಕಾರಕೂನರು, ಅಂದರೆ ಕಚೇರಿಯ ಹಿರಿಯ ಗುಮಾಸ್ತರು, ಗುಂಡೂರಾಯರು. ಅವರು ಎಲೆಯಡಿಕೆ ಉಗಿದು ಬಂದು ಹೇಳಿದರು:

“ಉಮೇದವಾರಾ, ಬಾವಿ ಹಂಗ ನಡಕೋತ ಹೋಗೂದಿಲ್ಲೋ. ಮತ್ತೊಮ್ಮೆ ಓದು.”

ಗುಂಡೂರಾಯರು ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಹಾಗೆನಿಸುವುದಿಲ್ಲ. ಚಹಾ ತರಿಸಿದರೆ ನನಗೂ ಒಂದು ಕಪ್ಪು ಹೇಳುತ್ತಿದ್ದರು. ಅವರಿಗೆ ಇದ್ದ ಹೆದರಿಕೆ ಒಂದೇ, ಮೇಲಿನ ಸಾಹೇಬರು ಏನಂದಾರೋ ಎಂಬುದು. ನನ್ನ ನೌಕರಿಯಲ್ಲಿ ಆದ ದೊಡ್ಡ ಹಾನಿಗಳೆಲ್ಲ ಕೆಟ್ಟವರಿಂದ ಆದವಲ್ಲ, ಹೀಗೆ ಹೆದರುವವರಿಂದ ಆದವು.

ಇನ್ನು ರುಮಾಲಿನ ಮಾತು. ರುಮಾಲು ಎಂದರೆ ಕಾಗದದ ಕಟ್ಟನ್ನು ಸುತ್ತಿ ಗಂಟು ಹಾಕುವ ಚೌಕ ಬಟ್ಟೆ. ಅದಕ್ಕೆ ಬಣ್ಣದ ಕಟ್ಟಳೆ ಇತ್ತು. ಕೆಂಪು ರುಮಾಲಿನಲ್ಲಿ ಇದ್ದದ್ದನ್ನು ಎಂದೆಂದಿಗೂ ಇಡಬೇಕು. ಹಸಿರು, ಹಳದಿ ಕೆಲವು ಕಾಲ. ಬಿಳಿಯದನ್ನು ಅವಧಿ ಮುಗಿದ ಮೇಲೆ ತೆಗೆದುಹಾಕಬಹುದು. ಕಟ್ಟು ಬಿಚ್ಚಿ ನೋಡುವ ಗೋಜೇ ಇರಲಿಲ್ಲ, ಬಾಗಿಲಲ್ಲಿ ನಿಂತು ನೋಡಿದರೆ ಸಾಕು, ಯಾವುದು ಉಳಿಯುವ ಕಾಗದ, ಯಾವುದು ಸಾಯುವ ಕಾಗದ ಎಂದು ತಿಳಿಯುತ್ತಿತ್ತು. ಎಷ್ಟು ಚಂದದ ಪದ್ಧತಿ ಎಂದು ನಾನೂ ಹಿಗ್ಗಿದ್ದೆ.

ಮೇಲಿನ ಹಲಗೆಯ ಕೆಂಪು ಕಟ್ಟೊಂದರಲ್ಲಿ ಕಂಪನಿ ಸರ್ಕಾರದ ಕಾಲದ ಒಂದು ಹುಕುಂ ಇತ್ತು. ಕೈಯಿಂದ ಮಾಡಿದ ದಪ್ಪ ಕಾಗದ, ನೆತ್ತಿಯ ಮೇಲೆ ಅಂಗೈ ಅಗಲದ ಪಾರಸಿ ಸಿಕ್ಕಾ, ಅಂದರೆ ಸರ್ಕಾರದ ಮುದ್ರೆ, ಕೆಳಗೆ ಇಂಗ್ಲಿಷ್ ಸಹಿ, ನಡುವೆ ಮೋಡಿ. ಇತಿಹಾಸ ಬರೆಯುವವರು ದೂರದಿಂದ ಬಂದು ಅದನ್ನು ನೋಡಿ ಹೋಗುತ್ತಿದ್ದರು. ಮಸಗುಪ್ಪಿಯ ಅಂಬಿಗರು ಘಟಪ್ರಭೆಯ ಕಡವನ್ನು, ಹೊಳೆ ದಾಟುವ ಜಾಗವನ್ನು, ಕಾಯಬೇಕು, ಟಪಾಲನ್ನೂ ಸರ್ಕಾರದ ಮಂದಿಯನ್ನೂ ಬಡವರನ್ನೂ ಬಾಡಿಗೆ ತೆಗೆದುಕೊಳ್ಳದೆ ಹೊಳೆ ದಾಟಿಸಬೇಕು, ಅದಕ್ಕೆ ಪ್ರತಿಯಾಗಿ ದಂಡೆಯ ಹೊಲ ತಲೆತಲಾಂತರಕ್ಕೂ ಅವರದೇ. ಇದು ಅದರೊಳಗಿನ ಮಾತು. ಆ ಮನೆತನದ ಕೈಯಲ್ಲಿದ್ದ ನಕಲು ಯಾವುದೋ ಮಹಾಪೂರದಲ್ಲಿ ಕೊಚ್ಚಿ ಹೋಗಿತ್ತು. ಊರಿನ ಲೆಕ್ಕದಲ್ಲಿ “ಹುಕುಮಿನ ಪ್ರಕಾರ” ಎಂದಷ್ಟೇ ಇತ್ತು. ಹೀಗಾಗಿ ಆ ಹೊಲಕ್ಕೆ ಇದ್ದ ಆಧಾರವೆಲ್ಲ ನಮ್ಮ ಹಲಗೆಯ ಮೇಲಿನ ಆ ಒಂದು ಕಾಗದ.

ಕಾರಹುಣ್ಣಿಮೆ ಬಂತೆಂದರೆ, ಹೊಳೆ ಏರುವ ಮೊದಲು, ಆ ಮನೆತನದ ಹಿರಿಯರು ಕಚೇರಿಗೆ ಬಂದು ಹುಕುಮಿನ ದರ್ಶನ ಮಾಡಿ ಹೋಗುವ ರೂಢಿಯಿತ್ತು. ದರ್ಶನವೆಂದರೆ ದರ್ಶನವೇ. ಹೂ ಇಡುವುದು, ಸಿಕ್ಕಾ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಯಾರಾದರೂ ಓದಿದರೆ ಕೈಮುಗಿದು ಕೇಳುವುದು. ಆಮೇಲೆಯೇ ಹರಿಗೋಲು ನೀರಿಗೆ. ನನ್ನ ಕಾಲದಲ್ಲಿ ಬರುತ್ತಿದ್ದವಳು ಬಾಳವ್ವ. ಗಂಡ ಸತ್ತ ಮೇಲೆ ತಾನೇ ಹುಟ್ಟು ಹಿಡಿದಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದ ಮಾತು ಆಚೆ ದಂಡೆಗೂ ಕೇಳಬೇಕು. ಪಟ್ಟೇವಾಲಾ, ಅಂದರೆ ಕಚೇರಿಯ ಜವಾನ, ರಸೂಲಸಾಬ ನಿಚ್ಚಣಿಕೆ ಹತ್ತಿ ಕೆಂಪು ಕಟ್ಟು ಇಳಿಸುತ್ತಿದ್ದ.

“ಹೂವಿನ ನೀರು ಝಾಡಿಸಿ ಇಡವ್ವಾ,” ಎನ್ನುತ್ತಿದ್ದ. “ಕಾಗದಕ್ಕ ತ್ಯಾವ ಹತ್ತಿದ್ರ ರಾಯರು ನನ್ನ ಚರ್ಮಾ ಸುಲೀತಾರ.”

“ಸುಲದ್ರ ಕೊಡು ರಸೂಲಣ್ಣಾ, ಹರಗೋಲಿಗೆ ಚರ್ಮಾ ಬೇಕಾಗೇತಿ.”

ನಾನು ಓದುತ್ತಿದ್ದೆ. ಒಮ್ಮೆ ನಡುವೆ ಒಂದು ಮಾತು ಬಿಟ್ಟೆ. ಅವಳು ಕಣ್ಣು ತೆರೆದಳು. “ತಮ್ಮಾ, ಒಂದ ಮಾತು ನುಂಗಿದಿ ನೋಡು.” ಮರಾಠಿಯ ಒಂದು ಶಬ್ದವೂ ಅವಳಿಗೆ ತಿಳಿಯದು. ಅತ್ತೆ ಕೇಳುತ್ತಿದ್ದಳು, ಗಂಡ ಕೇಳುತ್ತಿದ್ದ, ಆಮೇಲೆ ಇವಳು. ಕೇಳಿ ಕೇಳಿ ಧ್ವನಿಯೇ ಬಾಯಿಗೆ ಬಂದಿತ್ತು.

ಈಗ ಯುದ್ಧದ ಮಾತು. ಯುದ್ಧ ಎಲ್ಲಿಯೋ ನಡೆದಿತ್ತು, ನಮ್ಮಲ್ಲಿಗೆ ಅದು ಅಭಾವವಾಗಿ ಬಂತು. ಮೊದಲು ಸೀಮೆಎಣ್ಣೆ ಹೋಯಿತು, ಆಮೇಲೆ ಬಟ್ಟೆ, ಆಮೇಲೆ ಕಾಗದ. ಧೋತರಕ್ಕೆ ಕೂಪನ್ನು. ಬಳಸಿದ ಲಕೋಟೆಯನ್ನು ತಿರುವಿ ಅಂಟಿಸಿ ಮತ್ತೆ ಬಳಸುತ್ತಿದ್ದೆವು. ಅಂಥ ಹೊತ್ತಿನಲ್ಲಿ ಯುದ್ಧದ ನಿಧಿ ಕೂಡಿಸಲು ಪ್ರಾಂತ ಸಾಹೇಬರು ನಮ್ಮಲ್ಲಿಗೆ ಬರುತ್ತಾರೆಂದು ಸುದ್ದಿಯಾಯಿತು. ಬಿಳಿಯ ಸಾಹೇಬರು, ಹಲವು ತಾಲೂಕುಗಳ ಮೇಲಿನವರು. ಮಂಟಪ ಹಾಕಬೇಕು, ತೋರಣ ಕಟ್ಟಬೇಕು. ಬಣ್ಣದ ಬಟ್ಟೆ ಎಲ್ಲಿಂದ ತರುವುದು? ಗುಂಡೂರಾಯರು ಒಂದು ಮಧ್ಯಾಹ್ನ ದಫ್ತರಖಾನೆಯ ಬಾಗಿಲಲ್ಲಿ ನಿಂತರು. ಕೆಂಪು, ಹಸಿರು, ಹಳದಿ, ಬಿಳಿ, ಎಲ್ಲವೂ ಅವರ ಕಣ್ಣ ಮುಂದೆಯೇ ಇತ್ತು.

“ಬಿಚ್ಚೋ ರಸೂಲಾ,” ಎಂದರು. “ಇಡೀ ಸೀಮಿಯೊಳಗ ಇಷ್ಟ ಬಣ್ಣದ ಅರಿವಿ ಮತ್ತೆಲ್ಲಿ ಸಿಗತೈತಿ?”

ನಾನು ನಿಚ್ಚಣಿಕೆಗೆ ಅಡ್ಡ ನಿಂತೆ. “ರಾಯರ, ಅರಿವಿ ಹೋದ್ರ ಯಾವ ಕಟ್ಟು ಯಾವ ದರ್ಜೆ ಅಂತ ಹ್ಯಾಂಗ ತಿಳೀಬೇಕ್ರಿ?”

“ಚೀಟಿ ಹಚ್ಚು.”

“ಚೀಟಿಗೆ ಕಾಗದ ಎಲ್ಲೈತ್ರಿ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಖಡೂ ಐತಲ್ಲ? ಹಲಗಿ ಮ್ಯಾಲ ಖಡೂಲೆ ಬರಿ. ಸಾಹೇಬ್ರು ಹ್ವಾದ ಮರುದಿನಾನ ಅರಿವಿ ತಿರುಗಿ ಬರತಾವು. ಯುದ್ಧ ನಡದೈತಿ, ನೀ ಗಂಟಿನ ಸಲುವಾಗಿ ಅಳಾಕತ್ತೀ.”

ಹಲಗೆ ಹಲಗೆಗೂ ಸುಣ್ಣದ ಕಡ್ಡಿಯಿಂದ ದರ್ಜೆ ಬರೆದೆ. ಕಟ್ಟುಗಳನ್ನು ಸಣಬಿನ ದಾರದಿಂದ ಬಿಗಿದೆವು. ಅದಾದ ಕೂಡಲೇ ನನ್ನನ್ನು ಹುಕ್ಕೇರಿಯ ಕಡೆಗೆ ಕಳಿಸಿದರು, ರೈತರ ಮನೆಮನೆಗೆ ಹೋಗಿ ಲೆವಿ ಜೋಳ, ಅಂದರೆ ಸರ್ಕಾರಕ್ಕೆ ಕೊಡಲೇಬೇಕಾದ ಪಾಲು, ಬರೆದುಕೊಳ್ಳುವುದಕ್ಕೆ. ಅದು ಇನ್ನೊಂದು ಕಹಿ. ನೆಲದಡಿ ಕಾಳು ಕೂಡಿಡುವ ಹಗೇವಿನ ಬಾಯಿ ತೆಗೆಸಿ ಇಣುಕಿ ನೋಡಬೇಕು, ಬಿತ್ತನೆಯ ಕಾಳನ್ನೂ ಬಿಡಬಾರದು. ಅಲ್ಲಿಯ ಒಬ್ಬ ಮುದುಕ ನನಗೆ ಮಜ್ಜಿಗೆ ಕೊಟ್ಟು, “ಕುಡಿಯಪಾ, ಇದನ್ನ ಬರಕೊಂಡಿಲ್ಲಲ್ಲ?” ಎಂದ. ನಾನು ಲೋಟ ಕೆಳಗಿಟ್ಟು ಜೋಳ ಬರೆದುಕೊಂಡೆ. ಈಗ ನೀವು ಹೊಲ ಅಳೆಯುವ ಮೋಜಣಿಗೆ, ಪಂಚನಾಮೆಗೆ ಹೋದಾಗ ಯಾರಾದರೂ ಮಜ್ಜಿಗೆ ಕೊಟ್ಟರೆ ಅವರ ಮುಖ ನೋಡಿ ಕುಡಿಯಿರಿ.

ನಾನಿಲ್ಲದಾಗ ನಡೆದದ್ದನ್ನು ರಸೂಲಸಾಬನ ಬಾಯಿಂದ ಕೇಳಿದೆ. ಸಾಹೇಬರು ಕಚೇರಿಯನ್ನೂ ನೋಡಬಹುದೆಂದು ಗೋಡೆ, ಹಲಗೆ ಎಲ್ಲದಕ್ಕೂ ಸುಣ್ಣ ಬಳಿಸಿದರು. ನಾನು ಬರೆದದ್ದು ಸುಣ್ಣದಡಿಗೆ ಹೋಯಿತು. ಸಾಹೇಬರು ಒಳಗೆ ಬರಲೇ ಇಲ್ಲ. ಮಂಟಪದಲ್ಲಿ ಭಾಷಣ ಮಾಡಿ ಹೊರಟರು. ತೋರಣ ಬಿಚ್ಚಿದಾಗ ಕೆಂಪು ಬಟ್ಟೆ ಅರ್ಧಕ್ಕರ್ಧ ಮಾಯವಾಗಿತ್ತು. ಕೂಪನ್ನಿನ ಕಾಲ, ಯಾರ ಮನೆಯ ಕುಪ್ಪಸವಾಯಿತೋ ಯಾರಿಗೆ ಗೊತ್ತು. ಉಳಿದ ರುಮಾಲುಗಳನ್ನು ತಂದು, ಕೈಗೆ ಸಿಕ್ಕ ಕಟ್ಟಿಗೆ ಕೈಗೆ ಸಿಕ್ಕ ಬಟ್ಟೆ ಸುತ್ತಿದರು.

“ನಾ ಅಂದೆನೋ ತಮ್ಮಾ,” ಎಂದ ರಸೂಲಸಾಬ. “ರಾಯರ, ಇದು ಅಂಬಿಗರ ಹುಕುಂ ಇದ್ದ ಕಟ್ಟು ಇದ್ದಂಗ ಐತಿ, ಇದಕ್ಕ ಕೆಂಪು ಬೇಕ್ರಿ ಅಂತ. ಕೆಂಪು ತೀರೇತಿ, ಬಿಳೇದ ಸುತ್ತು, ಆಮ್ಯಾಲ ನೋಡೂಣು ಅಂದ್ರು. ಆಮ್ಯಾಲ ಅನ್ನೂದು ಬರಲೇ ಇಲ್ಲ.”

ಬಂದದ್ದು ಇನ್ನೊಂದು ಅಪ್ಪಣೆ. ಯುದ್ಧಕ್ಕೆ ಕಾಗದ ಬೇಕು, ಬೇಡವಾದ ಹಳೆಯ ದಫ್ತರವನ್ನೆಲ್ಲ ಕೂಡಲೇ ರದ್ದಿಗೆ ಕೊಡಿ ಎಂದು. ರಾಯರು ಬಾಗಿಲಲ್ಲಿ ನಿಂತು ಕೈ ಮಾಡಿದರು. ನಾನು ಹುಕ್ಕೇರಿಯಿಂದ ತಿರುಗಿ ಬರುವ ಮೊದಲೇ ಬಿಳಿಯದೆಲ್ಲ ಗಾಡಿಗೆ ಏರಿತು. ಯಾವ ಕಟ್ಟಿನಲ್ಲಿ ಏನಿದೆ ಎಂದು ಬರೆದಿಟ್ಟ ಹಳೆಯ ಯಾದಿ ಕೂಡ ಒಂದು ಬಿಳಿ ರುಮಾಲಿನೊಳಗೆ ಕೂತು ಹೋಯಿತು. ರುಮಾಲುಗಳನ್ನು ಮಾತ್ರ ಬಿಚ್ಚಿ ಉಳಿಸಿಕೊಂಡರು, ಬಟ್ಟೆ ತುಟ್ಟಿಯಲ್ಲವೇ.

ಕಾರಹುಣ್ಣಿಮೆಗೆ ಬಾಳವ್ವ ಹೂ ಹಿಡಿದುಕೊಂಡು ಬಂದಳು. ರಸೂಲಸಾಬ ನಿಚ್ಚಣಿಕೆಯ ಹತ್ತಿರ ಹೋಗಲಿಲ್ಲ.

“ಏರಲ್ಲೋ ಅಣ್ಣಾ. ಕಾಲ ನೋಯಾಕತ್ತಾವೇನು?”

ಹುಕುಂ ರದ್ದಿಗೆ ಹೋಯಿತೆಂದು ನಾನೇ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಖಾಲಿ ಹಲಗೆಯನ್ನೇ ನೋಡುತ್ತ ಕೇಳಿದಳು: “ಎಲ್ಲಿಗೆ ಹೋಗೇತಿ, ಅದನ್ನ ಹೇಳು. ಹೋಗಿ ತರೂಣು.”

ತರಲೇಬೇಕಾಗಿತ್ತು. ಮೂಡಲಗಿಯ ಬೆಲ್ಲದ ವ್ಯಾಪಾರಿ ಶಿವಪ್ಪನಿಗೆ ಆ ದಂಡೆಯ ಹೊಲದ ಮೇಲೆ ಬಹಳ ದಿನದಿಂದ ಕಣ್ಣು. ಕೈಚಾಚಿದರೆ ನೀರು, ಕಬ್ಬಿಗೆ ಹೇಳಿ ಮಾಡಿಸಿದ ನೆಲ. ಹುಕುಂ ಹೋದ ಸುದ್ದಿ ಅವನ ಕಿವಿಗೆ ಹ್ಯಾಗೆ ಬಿತ್ತೋ, ಆ ನೆಲಕ್ಕೆ ಅಂಬಿಗರ ಹತ್ತಿರ ಆಧಾರವಿಲ್ಲ, ಸರ್ಕಾರ ಅದನ್ನು ತೆಗೆದುಕೊಂಡು ಬೇರೆಯವರಿಗೆ ಕೊಡಬೇಕು ಎಂದು ಅರ್ಜಿ ಹಾಕಿಬಿಟ್ಟಿದ್ದ. ತಾಲೂಕಿನ ಅಧಿಕಾರಿ ಮಾಮಲೇದಾರರು ಬಾಳವ್ವನಿಗೆ ನೋಟೀಸು ಕಳಿಸಿದ್ದರು. ಮೂಲ ಕಾಗದ ಹಾಜರುಪಡಿಸಿ ಎಂದು. ಆ ಮೂಲ ಕಾಗದವನ್ನು ರದ್ದಿಗೆ ಕೊಟ್ಟ ಕಚೇರಿಯಿಂದಲೇ ಆ ನೋಟೀಸು ಹೊರಟಿತ್ತು. ಆ ನೋಟೀಸಿನ ನಕಲು ಬರೆದವನು ನಾನೇ.

ನಾನೂ ಬಾಳವ್ವನೂ ರದ್ದಿಯ ಗಾಡಿಗಳು ಹೋಗಿದ್ದ ರೈಲು ಸ್ಟೇಷನ್ನಿಗೆ ಹೋದೆವು. ರದ್ದಿಯ ಗುತ್ತೇದಾರನ ಆಳು ಒಳ್ಳೆಯವನಿದ್ದ. ತೆಳ್ಳನೆಯ ಕಾಗದವೆಲ್ಲ ವ್ಯಾಗನ್ನಿನಲ್ಲಿ ಹೋಯಿತು, ದಪ್ಪ ಕಾಗದವನ್ನು ಮಾತ್ರ ಗೋಕಾಕದ ಚಿತ್ರಗಾರರು ಕೇಳಿ ಒಯ್ದರು ಎಂದ. ಗೋಕಾಕದ ಗೊಂಬೆ ನಿಮಗೆ ಗೊತ್ತು. ಹಗುರ ಕಟ್ಟಿಗೆಯ ಮೇಲೆ ಹುಣಸೆ ಬೀಜದ ಅಂಟಿನಿಂದ ಕಾಗದ ಪದರು ಪದರಾಗಿ ಹಚ್ಚಿ ಬಣ್ಣ ಕೊಡುತ್ತಾರೆ. ಬಾಳೆಹಣ್ಣು, ಮಾವು, ಸೀತಾಫಲ, ಕಚ್ಚಬೇಕೆನಿಸುವ ಹಾಗೆ. ಯುದ್ಧದಲ್ಲಿ ಅವರಿಗೂ ಕಾಗದ ಸಿಗುತ್ತಿರಲಿಲ್ಲ.

ವಿಠೋಬಾ ಚಿತ್ರಗಾರ ಅಂಗಳದಲ್ಲಿ ಕೂತು ಗೊಂಬೆಯ ಹಣ್ಣಿಗೆ ಬಣ್ಣ ಹಚ್ಚುತ್ತಿದ್ದ. ನಾನು ಕೇಳಿದ್ದಕ್ಕೆ ಅವನ ಮುಖ ಅರಳಿತು.

“ಅದೆಂಥಾ ಕಾಗದರೀ! ನೀರಾಗ ಹಾಕಿ ಎರಡ ದಿನಾ ಬಿಟ್ರೂ ನಾರು ಬಿಡಲಿಲ್ಲ. ಹಂಥಾದ್ದು ಇನ್ನ ಐತೇನ್ರಿ ನಿಮ್ಮಲ್ಲಿ?”

“ಸಿಕ್ಕಾ ಇದ್ದದ್ದು ಒಂದಿತ್ತಲ್ಲ? ಮ್ಯಾಲ ದೊಡ್ಡದು?”

“ಹೂಂನ್ರಿ, ಕರೀ ಸಿಕ್ಕಾ. ಮ್ಯಾಲ ಹಚ್ಚಿದ್ರ ಬಣ್ಣದಾಗಿಂದ ಕಾಣಸ್ತಿತ್ತು, ಅದಕ್ಕ ಹರದು ಒಳಗಿನ ಪದರಿಗೆ ಹಾಕಿದೆ. ಸೀತಾಫಲಕ್ಕ. ದೊಡ್ಡ ಬುಟ್ಟಿ ಮಾಡಿದ್ದೆ, ಭಾಳ ಚಲೋ ಆಗಿತ್ತು.” ಅವನು ನಮ್ಮ ಮುಖ ನೋಡಿ ತಡವರಿಸಿದ. “ಯಾಕ್ರಿ? ಏನಾತು?”

“ಬುಟ್ಟಿ ಎಲ್ಲೈತಪಾ?” ಎಂದಳು ಬಾಳವ್ವ.

“ನಿಮ್ಮ ರಾಯರ ಒಯ್ದರಲ್ಲಬೇ. ಪ್ರಾಂತ ಸಾಹೇಬ್ರು ಬದಲಿಯಾಗಿ ಹೊಂಟಿದ್ರಂತ, ಕಾಣಿಕಿ ಕೊಡಾಕ.”

ವಿಠೋಬಾನಿಗೆ ವಿಷಯ ತಿಳಿದಾಗ ಪಾಪ, ಕೈಯಲ್ಲಿದ್ದ ಕುಂಚ ಕೆಳಗಿಟ್ಟ. ಬಾಳವ್ವನೇ ಅವನಿಗೆ ಸಮಾಧಾನ ಹೇಳಬೇಕಾಯಿತು. “ನಿನಗೇನ ಗೊತ್ತಿತ್ತಪಾ. ಕಾಗದ ಅಂತ ಕೊಟ್ರು, ಕಾಗದ ಅಂತ ತಗೊಂಡಿ.”

ನಾನು ಓಡಿಬಂದು ರಾಯರ ಮುಂದೆ ನಿಂತೆ. ಸಾಹೇಬರಿಗೆ ಪತ್ರ ಬರೆಯಿರಿ, ಬುಟ್ಟಿ ತಿರುಗಿ ತರಿಸಿರಿ, ಪದರು ಬಿಡಿಸಿದರೆ ಸಿಕ್ಕಾ ಆದರೂ ಸಿಕ್ಕೀತು ಎಂದೆ. ರಾಯರು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

“ಏನಂತ ಬರೀಲಿ? ಸಾಹೇಬ್ರ, ನಿಮಗ ಭೆಟ್ಟಿ ಕೊಟ್ಟ ಸೀತಾಫಲ ಒಡೀಬೇಕಾಗೇತಿ, ಒಳಗ ಸರ್ಕಾರದ ಹುಕುಂ ಐತಿ ಅಂತ ಬರೀಲ್ಯಾ? ಉಮೇದವಾರಾ, ನನಗ ಪಿಂಚಣಿ ಹತ್ರ ಬಂದೈತೋ.”

ರಾಯರಿಂದ ಪತ್ರ ಹೋಗಲಿಲ್ಲ. ನಾನೇ ಬರೆದೆ. ಉಮೇದವಾರನ ಪತ್ರಕ್ಕೆ ಯಾರು ಉತ್ತರ ಕೊಡುತ್ತಾರೆ? ಸಾಹೇಬರು ವಿಲಾಯತಿಗೆ ಹೊರಟುಹೋದರೆಂದು ಆಮೇಲೆ ಕೇಳಿದೆ. ಅಲ್ಲಿಯ ಯಾವುದೋ ಮನೆಯ ಮೇಜಿನ ಮೇಲೆ ಮಸಗುಪ್ಪಿಯ ಹೊಲ ಸೀತಾಫಲವಾಗಿ ಕೂತಿರಬಹುದು. ಧೂಳು ಒರೆಸುತ್ತಿರಬಹುದು ಯಾರಾದರೂ.

ವಿಚಾರಣೆಯ ದಿನ ಬಾಳವ್ವ ತನ್ನ ಇಬ್ಬರು ಮಕ್ಕಳೊಂದಿಗೆ ಬಂದಳು. ವಿಠೋಬಾ ಕರೆಯದಿದ್ದರೂ ಬಂದಿದ್ದ. ಹೌದ್ರಿ, ಸಿಕ್ಕಾ ಇದ್ದ ಕಾಗದ ನಾ ಹರದೇನಿ ಎಂದು ಕೈಮುಗಿದು ಹೇಳಿದ. ಹೊಸದಾಗಿ ಬಂದಿದ್ದ ಮಾಮಲೇದಾರರು ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ. ನಾನು ಓದಿದ್ದೇನೆ ಎಂದೆ. ನಿನ್ನನ್ನು ಕೇಳಿಲ್ಲ ಎಂದರು. ಆಗ ಬಾಳವ್ವ ಯಾರ ಅಪ್ಪಣೆಯನ್ನೂ ಕಾಯದೆ ಕಣ್ಣು ಮುಚ್ಚಿ ಹುಕುಮನ್ನು ಹೇಳತೊಡಗಿದಳು. ತನಗೆ ಅರ್ಥವಾಗದ ಹಳೆಯ ದರ್ಬಾರಿ ಮರಾಠಿಯಲ್ಲಿ, ಮೊದಲಿನ ಸಲಾಮಿನಿಂದ ಕೊನೆಯ ಸಹಿಯ ತನಕ, ಒಂದು ಮಾತೂ ನುಂಗದೆ. ಕಚೇರಿಯಲ್ಲಿ ಬೀಸಣಿಗೆ ಎಳೆಯುವವನು ಹಗ್ಗ ಬಿಟ್ಟು ನಿಂತ.

ಮಾಮಲೇದಾರರು ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. “ಬಾಯಿಪಾಠ ಚಲೋ ಐತೆವ್ವಾ. ಸಿಕ್ಕಾ ಎಲ್ಲೈತಿ?”

“ಸಿಕ್ಕಾ ನಿಮ್ಮ ಮನ್ಯಾಗ ಇತ್ತರಿ. ನಮ್ಮನಿ ಹೊಳೀ ಪಾಲಾಗತೈತಿ ಅಂತ ನಿಮ್ಮ ಮನ್ಯಾಗ ಬಿಟ್ಟಿದ್ವಿ.”

ಮಾಮಲೇದಾರರು ರಾಯರ ಕಡೆ ನೋಡಿದರು. ರಾಯರು ಹೊಸ ಯಾದಿಯನ್ನು ಮುಂದಿಟ್ಟರು. ಅದನ್ನು ರುಮಾಲಿನ ಬಣ್ಣ ನೋಡಿಯೇ ಮಾಡಿದ್ದರು. ಅದರ ಪ್ರಕಾರ ಬಿಳಿ ರುಮಾಲಿನಲ್ಲಿ ಹೋದದ್ದೆಲ್ಲ ಬೇಡವಾದ ಕಾಗದ, ನಿಯಮದಂತೆ ತೆಗೆದುಹಾಕಿದೆ. ಇಡಲೇಬೇಕಾದ ಕಾಗದ ಯಾವುದೂ ಕಳೆದಿಲ್ಲ. ಬರವಣಿಗೆಯಲ್ಲಿ ಎಲ್ಲವೂ ಸರಿಯಿತ್ತು. ಹೊಲ ಸರ್ಕಾರಕ್ಕೆ ಹೋಯಿತು, ಸರ್ಕಾರದಿಂದ ಶಿವಪ್ಪನಿಗೆ. ಮುಂದಿನ ವರ್ಷ ನೀರಿನ ಅಂಚಿನ ತನಕ ಕಬ್ಬು ನಿಂತಿತ್ತು.

ಹುಡುಗರೇ, ಪದ್ಧತಿ ಎಂಬುದು ಎಷ್ಟು ಚಂದವಿರುತ್ತದೋ ಅಷ್ಟು ಅಂಜಿರಿ. ಕಟ್ಟು ಬಿಚ್ಚಿ ನೋಡಿ. ಈಗ ರುಮಾಲು ಇಲ್ಲ, ಫೈಲಿದೆ, ನಂಬರಿದೆ, ಅಷ್ಟೇ ಫರಕು.

ಹೊಲ ಹೋದ ಆ ಮಳೆಗಾಲದಲ್ಲೇ ಹೊಳೆ ತುಂಬಿ ಬಂದಾಗ ಆಚೆ ದಂಡೆಯ ಊರುಗಳ ರೇಶನ್ ಲೆಕ್ಕ ನೋಡಲು ರಾಯರು ಹೋಗಬೇಕಾಯಿತು, ಜೊತೆಗೆ ನಾನು. ಬಾಳವ್ವನ ಹರಿಗೋಲು ದಂಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಅವಳು ಅದರ ಬಾಜೂ ಕೂತಿದ್ದಳು. ರಾಯರು ಛತ್ರಿ ಹಿಡಿದು ನಿಂತು, ಮೆತ್ತಗೆ ಅಂದರು:

“ಬಾಳವ್ವಾ, ಒಂದೀಟು ಆಚಿ ದಂಡಿಗೆ ಬಿಡಬೇ. ಬಾಡಗಿ ಕೊಡತೇನಿ.”

ಅವಳು ರಾಯರನ್ನು ಬಿಟ್ಟು ನನ್ನನ್ನು ಕೇಳಿದಳು. “ತಮ್ಮಾ, ನೀ ಓದೀದಿ. ಸರ್ಕಾರದ ಮಂದಿ ಕಡಿಂದ ಬಾಡಗಿ ತಗೋಬಾರದು ಅಂತ ಹುಕುಮಿನ್ಯಾಗ ಐತೋ ಇಲ್ಲೋ?”

“ಐತೆವ್ವಾ.”

“ಹಂಗಾರ ಬಾಡಗಿ ತಗೊಳ್ಳಾಕ ನನಗ ಬರೂದಿಲ್ಲ. ಹೊಲಾ ಐತಿ ಅಂತ ಪುಕಟ ದಾಟಸ್ತಿದ್ವಿ, ಈಗ ಹೊಲಾ ಇಲ್ಲ, ಅದೂ ಬರೂದಿಲ್ಲ. ರಾಯರಿಗೆ ಹೇಳು, ದಾಟಾಕ ಇನ್ನೊಂದು ಹಾದಿ ಹುಕುಮಿನ್ಯಾಗ ಬರದಿದ್ರ ತೋರಸ್ರಿ ಅಂತ.”

ರಾಯರು ಛತ್ರಿ ಮಡಚಿ ಮಳೆಯಲ್ಲೇ ನಿಂತರು. ನಾವು ಗಾಡಿ ತಿರುಗಿಸಿದೆವು. ಆ ಹರಿಗೋಲು ಮತ್ತೆ ನೀರು ಕಾಣಲಿಲ್ಲ. ಅವಳ ಮಕ್ಕಳು ಹತ್ತಿಯ ಗಿರಣಿಗೆ ಕೂಲಿಗೆ ಹೋದರು, ಅವಳೂ ಅವರ ಹಿಂದೆ ಹೋದಳು. ಸರ್ಕಾರ ಹರಿದುಹಾಕಿದ ಹುಕುಮನ್ನು ಕೊನೆಯ ತನಕ ಪಾಲಿಸಿದವಳು ಅವಳೊಬ್ಬಳೇ.

ನೀವೂ ಕಚೇರಿಯಲ್ಲಿ ದುಡಿದವರಿದ್ದರೆ, ಅಥವಾ ಕಚೇರಿಯ ಬಾಗಿಲಲ್ಲಿ ಕಾದವರಿದ್ದರೆ, ನಿಮ್ಮ ಊರಿನಲ್ಲಿ ಹೀಗೆ ಹೋದ ಕಾಗದ ಯಾವುದು, ಅದರೊಂದಿಗೆ ಹೋದ ಜನ ಯಾರು ಎಂಬುದನ್ನು ನನಗೆ ಬರೆದು ತಿಳಿಸಿರಿ. ಅಕ್ಷರ ಹ್ಯಾಗಿದ್ದರೂ ಚಿಂತೆಯಿಲ್ಲ, ನಾನು ಓದಿಕೊಳ್ಳುತ್ತೇನೆ.